ಬಾಯಿ ತುಂಬ ಮೊಳೆ

ಅವನು ಏಳುವ ಮೊದಲೇ ನಾಲಿಗೆ ಎದ್ದು ಅಲ್ಲಿಗೆ ಹೋಗಿತ್ತು. ಬಲಗಡೆಯ ಕೆಳದವಡೆಯಲ್ಲಿ ಅರ್ಧ ಹಲ್ಲು. ಇನ್ನರ್ಧದ ಜಾಗದಲ್ಲಿ ಡಾಕ್ಟರು ತುಂಬಿದ ಸಿಮೆಂಟು. ಒಡೆದ ಅಂಚು ಗಾಜಿನ ಚೂರಿನಷ್ಟು ಚೂಪು. ನಾಲಿಗೆ ಅದನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಸವರಿ, ತುಸು ಗೀರಿಸಿಕೊಂಡು, ರಕ್ತದ ಉಪ್ಪು ರುಚಿ ಸಿಕ್ಕ ಮೇಲೆ ತೃಪ್ತಿಯಾದಂತೆ ಹಿಂದಕ್ಕೆ ಬಂತು. ಆಮೇಲೆ ಅವನು ಕಣ್ಣು ಬಿಟ್ಟ. ಹಲ್ಲು ನೋಯುತ್ತಿರಲಿಲ್ಲ. ಅದರ ನರವನ್ನು ತೆಗೆದಾಗಿತ್ತು. "ಇದು ಈಗ ಸತ್ತ ಹಲ್ಲು," ಎಂದಿದ್ದರು ಡಾಕ್ಟರಮ್ಮ, ಸತ್ತವರ ಬಗ್ಗೆ ಹೇಳುವಾಗಿನ ತಗ್ಗಿದ ದನಿಯಿಲ್ಲದೆ. "ಸತ್ತಿದೆ, ಆದ್ರೆ ನಿಂತಿದೆ. ಮೇಲೊಂದು ಕ್ಯಾಪ್ ಹಾಕಿಸ್ಕೊಂಡ್ರೆ ನೀವಿರೋ ತನಕ ಇರುತ್ತೆ. ಇಲ್ದಿದ್ರೆ ಇವತ್ತಲ್ಲ ನಾಳೆ ಬೇರಿನ ತನಕ ಸೀಳುತ್ತೆ, ಕಿತ್ತೇ ಹಾಕಬೇಕಾಗುತ್ತೆ." ಕ್ಯಾಪ್ ಕೂರಬೇಕಾದರೆ ಉಳಿದ ಅರ್ಧವನ್ನೂ ಸುತ್ತಲಿನಿಂದ ಅರೆದು ಸಣ್ಣ ಗೂಟ ಮಾಡಬೇಕಂತೆ. ಉಳಿಸಬೇಕಾದರೆ ಅರೆಯಬೇಕು, ಅರೆದಿದ್ದನ್ನು ಮುಚ್ಚಬೇಕು. ಬರಹೇಳಿದ್ದ ದಿನಗಳಂದು ಏನೋ ನೆವ ಹೇಳಿ ತಪ್ಪಿಸಿಕೊಂಡಿದ್ದ. ಇವತ್ತು ಸಂಜೆ ಬರದಿದ್ದರೆ ಇನ್ನು ತನ್ನ ಜವಾಬ್ದಾರಿಯಲ್ಲ ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದರು. ಹಲ್ಲು ಹೋದರೆ ಹೋಗಲಿ ಎಂದಲ್ಲ. ಹಲ್ಲನ್ನು ಮುಚ್ಚಿಬಿಟ್ಟರೆ ಆ ಏಟೂ ಅದರ ಕೆಳಗೆ ಮುಚ್ಚಿಹೋಗುತ್ತದೆ; ಆಮೇಲೆ ತೋರಿಸುವುದಕ್ಕೆ ಅವನ ಬಳಿ ಏನೂ ಉಳಿಯುವುದಿಲ್ಲ. ಯಾರಿಗೆ ತೋರಿಸುವುದು ಎಂಬುದು ಬೇರೆ ಮಾತು.

"ಇವತ್ತಾದ್ರೂ ಹೋಗ್ತೀರೋ ಇಲ್ವೋ?" ಹೆಂಡತಿ ಹಾಲಿಗೆ ಬ್ರೆಡ್ಡು ಅದ್ದಿಕೊಡುತ್ತ ಕೇಳಿದಳು, ಹಲ್ಲಿಲ್ಲದ ಮಗುವಿಗೆ ಕೊಡುವ ಹಾಗೆ. "ರಾತ್ರಿಯೆಲ್ಲಾ ಕಟಕಟ ಅಂತ ಹಲ್ಲು ಕಡೀತೀರ. ನಾನು ಮಲಗಿರೋದು ಗಂಡನ ಪಕ್ಕದಲ್ಲೋ ಕಲ್ಲಿನ ಕ್ವಾರಿ ಪಕ್ಕದಲ್ಲೋ ಗೊತ್ತಾಗಲ್ಲ. ಇರೋ ಹಲ್ಲನ್ನೂ ಪುಡಿ ಮಾಡ್ಕೋಬೇಡಿ, ಪುಣ್ಯಾತ್ಮ. ಅಲ್ಲ, ಇಷ್ಟು ವರ್ಷ ಸೋಫಾಗೆ ಹೊಡೆಯೋ ಮೊಳೆಗಳನ್ನ ಬಾಯಲ್ಲಿಟ್ಕೊಂಡೇ ಇದ್ದೋರು, ಒಂದಿನ ಅದು ಹೇಗೆ ಕಚ್ಚಿಬಿಟ್ರಿ?" ಅವನು ಬ್ರೆಡ್ಡನ್ನು ಎಡಗಡೆಗೆ ತಳ್ಳಿಕೊಂಡು ನುಂಗಿದ. ಮೊಳೆ ಕಚ್ಚಿದೆ ಎಂಬ ಮಾತು ಮೊದಲು ಹುಟ್ಟಿದ್ದು ಅಣ್ಣನ ಬಾಯಲ್ಲಿ. ಆ ಮಧ್ಯಾಹ್ನ ಆಸ್ಪತ್ರೆಯ ಮುಂದಿನ ಕೋಣೆಯಲ್ಲಿ ಅವನು ಬಾಯಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದಾಗ, ಬರೆದುಕೊಳ್ಳುತ್ತಿದ್ದ ಹುಡುಗಿಗೆ ಅಣ್ಣ ಸಲೀಸಾಗಿ ಹೇಳಿದ್ದ: "ಕುಶನ್ ಕೆಲಸ ಅಲ್ವಾಮ್ಮಾ, ಮೊಳೆ ಕಚ್ಚಿಬಿಟ್ಟಿದಾನೆ." ಅವನು ಅಲ್ಲ ಎನ್ನಲಿಲ್ಲ. ಮನೆಗೆ ಬಂದು ತಾನೂ ಹಾಗೇ ಹೇಳಿದ. ತಲೆಯಲ್ಲಿ ಬಿಳಿ ಕೂದಲು ಬಂದ ಗಂಡಸು, ಅಣ್ಣ ಕೆನ್ನೆಗೆ ಹೊಡೆದ ಎಂದು ಹೆಂಡತಿಯ ಮುಂದೆ ಹೇಗೆ ಹೇಳಿಯಾನು? ಅವಳು ಅಯ್ಯೋ ಎನ್ನುತ್ತಿದ್ದಳು. ಆ ಅಯ್ಯೋಗಿಂತ ಏಟೇ ವಾಸಿ.

ದಾರಿಯಲ್ಲಿ ಅವನ ಹೆಜ್ಜೆಗಳು ತಾವಾಗಿಯೇ ಲಯ ಹಿಡಿದವು. ಅದು ಅಪ್ಪನ ಲಯ. ಕುರ್ಚಿಯ ಚೌಕಟ್ಟಿಗೆ ನೇಯ್ದ ಸೆಣಬಿನ ಪಟ್ಟಿ ಬಡಿಯುವಾಗ ಅಪ್ಪ ಪದ್ಯ ಹೇಳುತ್ತಿದ್ದ. ಬಾಯಲ್ಲಿ ಮೊಳೆ ಇದ್ದಷ್ಟು ಹೊತ್ತು ಬರೀ ಗುನುಗು. ಮೊಳೆ ಮುಗಿದ ಕ್ಷಣ ಗುನುಗಿನೊಳಗಿಂದ ಮಾತು ಎದ್ದು ನಿಲ್ಲುತ್ತಿತ್ತು, ಒದ್ದೆ ಬಟ್ಟೆಯಿಂದ ಮುಖ ಒರೆಸಿಕೊಂಡವರ ಹಾಗೆ. ಬೆಳಿಗ್ಗೆ ದೇವರ ಪಾದದ ಪದ್ಯ, ಬಿಸಿಲೇರಿದ ಮೇಲೆ ಯುದ್ಧದ್ದು. ತಲೆಗಳು ಉರುಳುವುದೂ ರಥದ ಗಾಲಿ ಕರುಳಿಗೆ ಸಿಕ್ಕಿಕೊಳ್ಳುವುದೂ ಅಪ್ಪನ ಕಂಠದಲ್ಲಿ ಎಷ್ಟು ಇಂಪಾಗಿ ಬರುತ್ತಿತ್ತೆಂದರೆ, ದಾರಿಯಲ್ಲಿ ಹೋಗುವವರು ನಿಂತು ಕೈ ಮುಗಿದು ಹೋಗುತ್ತಿದ್ದರು. ಅದೇ ಕಂಠ, ಅದೇ ಪದ್ಯ, ಮಕ್ಕಳಿಗೆ ಹೊಡೆಯುವಾಗಲೂ ನಿಲ್ಲುತ್ತಿರಲಿಲ್ಲ. ಸುತ್ತಿಗೆಯ ಹಿಡಿ ಬೆನ್ನಿಗೆ ಬೀಳುತ್ತಿದ್ದುದು ಸರಿಯಾಗಿ ಯತಿ ಬಂದ ಕಡೆ. ಕೂಗಿದರೆ ಪದ್ಯ ಕೆಡುತ್ತದೆ. ಪದ್ಯ ಕೆಟ್ಟರೆ ಅಪ್ಪ ಪದ್ಯವನ್ನೂ ಏಟನ್ನೂ ಮೊದಲಿಂದ ಶುರುಮಾಡುತ್ತಿದ್ದ. ಹಾಗಾಗಿ ತಮ್ಮನ ಸರದಿ ಬಂದಾಗ ಅಣ್ಣ ತನ್ನ ಮುಂಗೈಯನ್ನು ತಮ್ಮನ ಬಾಯಿಗೆ ಅಡ್ಡ ಕೊಡುತ್ತಿದ್ದ. ಒಂದು ದಿನ ಅವನು ಅದನ್ನು ಕಚ್ಚಿದ. ಹಲ್ಲುಗಳು ಚರ್ಮ ದಾಟಿ ಒಳಗೆ ಹೋದದ್ದು, ಏನೋ ಬಿಸಿಯಾದದ್ದು ಗಂಟಲಿಗೆ ಇಳಿದದ್ದು ಈಗಲೂ ನೆನಪಿದೆ. ಅಣ್ಣ ಸದ್ದೇ ಮಾಡಲಿಲ್ಲ. ಪದ್ಯ ಕೆಡದೆ ಮುಗಿಯಿತು. ಆ ಗುರುತು ಅಣ್ಣನ ಬಲಗೈ ಮೇಲೆ ಇನ್ನೂ ಇದೆ, ಅರ್ಧಚಂದ್ರದ ಹಾಗೆ, ನಡುವೆ ಒಂದು ಕಡೆ ಖಾಲಿ. ಆಗ ಅವನ ಮುಂದಿನ ಹಾಲುಹಲ್ಲು ಬಿದ್ದಿತ್ತು.

ಅದೇ ಬಲಗೈ. ನಾಲಿಗೆ ಮತ್ತೆ ಅಂಚಿಗೆ ಹೋಯಿತು.

ಅಂಗಡಿಯ ಬಾಗಿಲು ತೆರೆದಿತ್ತು. ಅಣ್ಣ ಕಂಪ್ರೆಸರಿನ ಪಕ್ಕ ಕೂತು ಪಿನ್ ಗನ್ನಿನಿಂದ ಒಂದು ದಿಂಬುಕುರ್ಚಿಗೆ ರೆಕ್ಸಿನ್ ಹೊಡೆಯುತ್ತಿದ್ದ. ಟಪ್, ಟಪ್, ಟಪ್, ಟಪ್. ಯತಿಯಿಲ್ಲ, ಪ್ರಾಸವಿಲ್ಲ. "ಬಂದ್ಯಾ ಮೂಗ?" ಎಂದ ತಲೆಯೆತ್ತದೆ. ಬಾಯಿ ತುಂಬ ಮೊಳೆ ಇಟ್ಟುಕೊಂಡು ಕೆಲಸ ಮಾಡುವವನಿಗೆ ಆ ಹೆಸರು ಚಿಕ್ಕಂದಿನಿಂದ ಅಂಟಿಕೊಂಡಿತ್ತು. "ಸಂಜೆ ನೆನಪಿದೆ ತಾನೆ? ನಿಮ್ಮತ್ತಿಗೆ ರಾತ್ರಿಯಿಂದ ನನ್ನ ಪ್ರಾಣ ತಿಂದಿದಾಳೆ. ಹೋಗಿ ಹಾಕಿಸ್ಕೊಂಡು ಬಾ. ಮುಗಿಸು ಅದನ್ನ." ಮುಗಿಸು. ಆ ಮಾತು ಕಿವಿಗೆ ಬಿದ್ದ ಕೂಡಲೇ ಅವನ ದವಡೆಗಳು ತಾವಾಗಿ ಒಂದಕ್ಕೊಂದು ಒತ್ತಿಕೊಂಡವು. ಅಣ್ಣನ ನೆತ್ತಿಯಲ್ಲಿ ಕೂದಲು ಉದುರಿ ಒಂದು ನುಣುಪು ಜಾಗ ಆಗಿತ್ತು, ಟೀ ಲೋಟದ ಬಾಯಿಯಷ್ಟಗಲ. ಬಗ್ಗಿದಾಗ ಅದು ಅವನ ಕಡೆಗೇ ತಿರುಗುತ್ತಿತ್ತು. ಸುತ್ತಿಗೆ ಅಲ್ಲಿ ಬಿದ್ದರೆ ಎಂಥ ಸದ್ದು ಬಂದೀತು ಎಂದು ಅವನು ಯೋಚಿಸಿದ. ಹಳೆಯ ಗಟ್ಟಿ ಮರದ ಸದ್ದು ಬಾರದು. ಎಳೆಯ ಮರದ್ದು, ಒಳಗೆ ಇನ್ನೂ ತೇವ ಇರುವಂಥದ್ದು. ಥೂ, ದೇವರೇ, ಎಂದುಕೊಂಡ. ಅಪ್ಪನ ಬೆಳಗಿನ ಪದ್ಯವನ್ನು ಮನಸ್ಸಿನಲ್ಲೇ ಹಿಡಿಯಲು ನೋಡಿದ. ಪಾದದ ತನಕ ಬಂದು ಅದು ಯುದ್ಧಕ್ಕೆ ತಿರುಗಿಕೊಂಡಿತು.

ಮೂಲೆಯಲ್ಲಿ ಒಂದು ಹಳೆಯ ಸೋಫಾ ಬಂದು ಬಿದ್ದಿತ್ತು. ಅದನ್ನು ಬಿಚ್ಚುವುದು ಅವನ ಕೆಲಸ. ಚಾಕುವನ್ನು ಹೊಲಿಗೆಗೆ ಹಾಕಿ ಎಳೆದ. ಬಟ್ಟೆ ಚರ್ರೆಂದು ಬಾಯಿ ಬಿಟ್ಟಿತು. ಒಳಗಿನ ನಾರು, ಹತ್ತಿ, ಯಾರದೋ ವರ್ಷಗಳ ಬೆವರಿನ ವಾಸನೆ ಮುಖಕ್ಕೆ ಹೊಡೆಯಿತು. ಮಾಮೂಲಾಗಿ ಅವನು ಹೊಲಿಗೆಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ, ಬಟ್ಟೆಯನ್ನು ಅಳತೆಗೆಂದು ಇಡಿಯಾಗಿ ತೆಗೆಯುವವನು. ಇವತ್ತು ಸಿಕ್ಕ ಕಡೆಯೆಲ್ಲ ಸೀಳಿದ. ಸ್ಪ್ರಿಂಗುಗಳನ್ನು ಮುರಿದು ಎಳೆದ. ಒಂದು ಚಿಮ್ಮಿ ಮಣಿಕಟ್ಟನ್ನು ಗೀರಿತು. ಗೀರಿದ್ದು ಹಿತವಾಯಿತು. ಹಲ್ಲು ಒಡೆದ ಆ ದಿನ ಅಂಗಡಿಗೆ ಬಂದಿದ್ದವರು ಒಬ್ಬ ವಕೀಲರು, ಹೆಂಡತಿಯ ಜೊತೆ. ಅವನು ಅವರ ಕುರ್ಚಿಗೆ ಅಂಚಿನ ಮೊಳೆ ಹೊಡೆಯುತ್ತಿದ್ದ, ಬಲದವಡೆಯ ತುಂಬ ಮೊಳೆ. ನಾಳೆ ಸಿಗುತ್ತಾ, ಎಂದು ಆಕೆ ಕೇಳಿದರು. ಓಹೋ, ನಾಳೆ ಬೆಳಿಗ್ಗೆನೇ, ಎಂದ ಅಣ್ಣ. ಅವನು ಬಾಯಿ ಬಿಡುವಂತಿರಲಿಲ್ಲ. ಇಲ್ಲ ಎಂದು ತಲೆ ಅಲ್ಲಾಡಿಸಿದ. ಅಷ್ಟೇ. ಕೆಲಸ ಗೊತ್ತಿದ್ದವನಿಗೆ ಆಗದ್ದು ಆಗದು, ಅದರಲ್ಲೇನು. ವಕೀಲರು ನಕ್ಕರು: "ಮಾತಾಡೋರು ಹೌದಂತಾರೆ, ಮೂಗರು ಇಲ್ಲ ಅಂತಾರೆ. ಅಂಗಡಿ ಯಾರದಪ್ಪಾ?" ಆಕೆಯೂ ನಕ್ಕರು. ಅಣ್ಣನ ಕೈ ಬಂದದ್ದು ಅವನಿಗೆ ಕಾಣಲೇ ಇಲ್ಲ.

ಬೇರೆ ಯಾರೇ ಆಗಿದ್ದರೂ ಏಟು ಬಿದ್ದ ಕ್ಷಣ ಬಾಯಿ ತೆರೆಯುತ್ತಿದ್ದರು. ಅಮ್ಮಾ ಎನ್ನುತ್ತಿದ್ದರು, ಮೊಳೆಗಳೆಲ್ಲ ನೆಲಕ್ಕೆ ಉದುರುತ್ತಿದ್ದವು, ಹಲ್ಲು ಉಳಿಯುತ್ತಿತ್ತು. ಅವನು ಬಾಯಿ ಮುಚ್ಚಿದ. ಅಪ್ಪ ಕಲಿಸಿದ್ದೇ ಅದು. ಮಕ್ಕಳ ಬಾಯಿಗೆ ಮೊಳೆ ತುಂಬಿ ಕೂರಿಸಿ, ಕೆಲಸ ಕೊಟ್ಟು, ಮರೆತವನ ಹಾಗೆ ಹಿಂದೆ ಅಡ್ಡಾಡುತ್ತ ಇದ್ದಕ್ಕಿದ್ದಂತೆ ಬೆನ್ನಿಗೋ ಕಪಾಳಕ್ಕೋ ಬಾರಿಸುತ್ತಿದ್ದ. ಬಾಯಿ ತೆರೆದವನ ಗಂಟಲಿಗೆ ಮೊಳೆ ಹೋಗುತ್ತದೆ. "ಮನೆಗೆ ಬೆಂಕಿ ಬಿದ್ರೂ ಬಾಯಿ ತೆಗೀಬೇಡ. ಹೊಡೆದೋನು ದೇವರಾದ್ರೂ ತೆಗೀಬೇಡ." ಅವನು ಚೆನ್ನಾಗಿ ಕಲಿತಿದ್ದ. ಅಣ್ಣನಿಗಿಂತ ಚೆನ್ನಾಗಿ. ದವಡೆಗಳು ಬಿಗಿದುಕೊಂಡವು, ಎರಡು ಹಲ್ಲುಗಳ ನಡುವೆ ಒಂದು ಮೊಳೆ ಅಡ್ಡ ಸಿಕ್ಕಿತು, ತಲೆಯೊಳಗೆ ಕಟಾರೆಂದಿತು. ಆ ಸದ್ದು ಹೊರಗೆ ಯಾರಿಗೂ ಕೇಳಿಸಲಿಲ್ಲ. ವಕೀಲರ ಹೆಂಡತಿ ಗೋಡೆಯ ಮೇಲಿನ ಬಟ್ಟೆಯ ಮಾದರಿಗಳನ್ನು ನೋಡತೊಡಗಿದರು. ಅವನು ಹಲ್ಲಿನ ಚೂರನ್ನು ಕೆನ್ನೆಯ ಮೂಲೆಗೆ ತಳ್ಳಿ, ನಾಲಿಗೆಯಿಂದ ಮೊಳೆಯನ್ನು ತಿರುಗಿಸಿ, ತುಟಿಗೆ ತಂದು, ಸುತ್ತಿಗೆಯ ತುದಿಯ ಅಯಸ್ಕಾಂತಕ್ಕೆ ಕೊಟ್ಟು ಹೊಡೆದ. ಇನ್ನೊಂದು. ಮತ್ತೊಂದು. ಬಾಯಿ ಖಾಲಿಯಾಗುವ ತನಕ ಹೊಡೆದ. ಒಂದೊಂದು ಮೊಳೆಯ ತಲೆಯೂ ಕೆಂಪಗಿತ್ತು. ಆ ಕುರ್ಚಿಯ ಮೇಲೆ ಈಗ ವಕೀಲರು ಕೂತಿರಬೇಕು, ಕಾಲ ಮೇಲೆ ಕಾಲು ಹಾಕಿಕೊಂಡು.

"ಏಯ್, ಬಿಚ್ಚು ಅಂದ್ರೆ ಕೊಲೆ ಮಾಡಿದ್ದೀಯಲ್ಲೋ ಅದನ್ನ!" ಅಣ್ಣ ಬಂದು ನಿಂತಿದ್ದ. ಸೋಫಾ ನೆಲದ ತುಂಬ ಹರಡಿಕೊಂಡಿತ್ತು; ಚೌಕಟ್ಟು ಮಾತ್ರ ಬರಿಮೈಯಲ್ಲಿ ನಿಂತಿತ್ತು. ಅಣ್ಣ ಬಗ್ಗಿ ಮರವನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ. ಪಿನ್ ಗನ್ ತಂದು ಒಂದು ಪಿನ್ನು ಹೊಡೆದು ನೋಡಿದ. ಅದು ಬಾಗಿ ಚಿಮ್ಮಿತು. ಇನ್ನೊಂದೂ. "ಕಬ್ಬಿಣ ಇದ್ದಂಗಿದೆ ಮರ," ಎಂದು ಗನ್ನನ್ನು ಕೆಳಗಿಟ್ಟ. ಆಮೇಲೆ, ಬೇರೆ ಯಾರಿಗೋ ಹೇಳುವಂತೆ, "ಮೊಳೆನೇ ಆಗಬೇಕು. ಬಾ, ನಾನು ಹಿಡ್ಕೋತೀನಿ," ಎಂದ.

ಏಟು ಬಿದ್ದ ಅವತ್ತಿನಿಂದ ಅವರಿಬ್ಬರೂ ಜೊತೆಯಾಗಿ ಪಟ್ಟಿ ಹೊಡೆದಿರಲಿಲ್ಲ. ಇದೊಂದು ಕೆಲಸ ಒಬ್ಬನಿಂದ ಆಗುವುದಿಲ್ಲ. ಒಬ್ಬ ಪಟ್ಟಿಯನ್ನು ಮೈಯ ಭಾರ ಹಾಕಿ ಎಳೆದು ಮರದ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿಯಬೇಕು. ಇನ್ನೊಬ್ಬ ಆ ಬೆರಳಿಗೆ ತಗಲುವಷ್ಟು ಹತ್ತಿರದಲ್ಲಿ ಮೊಳೆ ಹೊಡೆಯಬೇಕು. ಹಿಡಿದವನು ಸುತ್ತಿಗೆಯನ್ನು ನೋಡಬಾರದು. ನೋಡಿದರೆ ಬೆರಳು ಅದುರುತ್ತದೆ, ಪಟ್ಟಿ ಸಡಿಲುತ್ತದೆ. ಅಪ್ಪನ ಕಟ್ಟಪ್ಪಣೆ. ಅವನು ಡಬ್ಬದಿಂದ ಒಂದು ಹಿಡಿ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ, ಎಡಗಡೆಗೆ. ಕಬ್ಬಿಣದ ರುಚಿ, ಬಾಲ್ಯದಷ್ಟು ಹಳೆಯದು. ಅಣ್ಣ ಎಳೆದ. ಪಟ್ಟಿ ತಂತಿಯ ಹಾಗೆ ಬಿಗಿಯಿತು. ಹೆಬ್ಬೆರಳು ಮರಕ್ಕೆ ಒತ್ತಿಕೊಂಡು ಬೆಳ್ಳಗಾಯಿತು. ಅದರ ಹಿಂದೆ, ಮಡಚಿದ ಅಂಗಿತೋಳಿನ ಕೆಳಗೆ, ಹಲ್ಲಿನ ಆ ಅರ್ಧಚಂದ್ರ. ಅಣ್ಣ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಎಂದಿನಂತೆ.

ಎಂದಿನಂತೆ! ಅದೇ ಅವನಿಗೆ ತಡೆಯಲಾಗಲಿಲ್ಲ. ಏನೂ ನಡೆದೇ ಇಲ್ಲವೆಂಬ ಹಾಗೆ ಬೆರಳು ಕೊಟ್ಟು ಗೋಡೆ ನೋಡುವುದೆಂದರೇನು? ಇವನು ನನ್ನನ್ನು ನಂಬಿದ್ದಾನೋ, ಇಲ್ಲ ನನ್ನಿಂದ ಏನೂ ಆಗದು ಎಂದುಕೊಂಡಿದ್ದಾನೋ? ಒಮ್ಮೆ, ಒಂದೇ ಒಮ್ಮೆ, ಕಣ್ಣಂಚಿನಲ್ಲಾದರೂ ಸುತ್ತಿಗೆಯ ಕಡೆ ನೋಡಿದ್ದರೆ, ಹೆದರಿದ್ದರೆ, ಅಷ್ಟು ಸಾಕಿತ್ತು. ಅವನು ಮೊಳೆಯನ್ನು ತುಟಿಗೆ ತಂದ. ಸುತ್ತಿಗೆಗೆ ಕೊಟ್ಟ. ಮೊದಲನೆಯದನ್ನು ಸರಿಯಾಗಿ ಹೊಡೆದ. ಎರಡನೆಯದನ್ನೂ. ತಲೆಯೊಳಗೆ ಗುನುಗು ಶುರುವಾಗಿತ್ತು, ರಥಗಳು ಹೊರಟಿದ್ದವು. ನಾಲಿಗೆ ಮೂರನೆಯ ಮೊಳೆಯನ್ನು ಹುಡುಕುತ್ತ ತಪ್ಪಿ ಬಲಕ್ಕೆ ಹೋಗಿ ಒಡೆದ ಅಂಚಿಗೆ ತಾಗಿ ಹರಿಯಿತು. ಯತಿ ಬಂತು. ಸುತ್ತಿಗೆ ಖಾಲಿ ಇತ್ತು, ಅದರ ತುದಿಯಲ್ಲಿ ಮೊಳೆ ಇರಲಿಲ್ಲ. ಅವನು ಅದನ್ನು ಎತ್ತಿ ಅಣ್ಣನ ಹೆಬ್ಬೆರಳಿನ ಮೇಲೆ ಬಿಟ್ಟ.

ಬಿಟ್ಟದ್ದಲ್ಲ. ಹೊಡೆದ.

ಅಣ್ಣನ ಬಾಯಿ ಮುಚ್ಚಿಕೊಂಡಿತು. ಮುಖದ ರಕ್ತವೆಲ್ಲ ಇಳಿದು ಬೂದಿಯಾಯಿತು, ಕತ್ತಿನ ನರ ಹಗ್ಗದಂತೆ ಎದ್ದು ನಿಂತಿತು, ಆದರೆ ತುಟಿಗಳ ನಡುವಿಂದ ಒಂದು ಉಸಿರೂ ಹೊರಗೆ ಬರಲಿಲ್ಲ. ಪಟ್ಟಿಯನ್ನೂ ಬಿಡಲಿಲ್ಲ. ಉಗುರು ಮೊದಲು ಬಿಳಿ, ಆಮೇಲೆ ಕೆಂಪು, ಆಮೇಲೆ ಅಂಚಿನಿಂದ ಕಪ್ಪಾಗುತ್ತ ಬಂತು. ಸೀಳಿನಿಂದ ಇಳಿದ ರಕ್ತ ಪಟ್ಟಿಯ ನೇಯ್ಗೆಯೊಳಗೆ ಚೌಕಚೌಕವಾಗಿ ಹರಡಿತು. ಎಷ್ಟೋ ಹೊತ್ತಾದ ಮೇಲೆ ಅಣ್ಣ ಗೋಡೆಯಿಂದ ಮುಖ ತಿರುಗಿಸಿ ಅವನನ್ನು ನೋಡಿದ.

"ಮುಗೀತಾ?" ಎಂದು ಕೇಳಿದ.

ಬಾಯಲ್ಲಿ ಮೊಳೆಗಳಿದ್ದವು. ಅವನು ಇಲ್ಲ ಎಂದು ತಲೆ ಅಲ್ಲಾಡಿಸಿದ.

"ಹಂಗಾದ್ರೆ ಹೊಡಿ," ಎಂದ ಅಣ್ಣ, ಮತ್ತೆ ಗೋಡೆಯ ಕಡೆ ತಿರುಗಿ. ಬೆರಳು ಅಲ್ಲೇ ಇತ್ತು. ಅವನು ಒಂದು ಮೊಳೆಯನ್ನು ತುಟಿಗೆ ತಂದು, ಆ ಬೆರಳಿನ ಪಕ್ಕ, ತಗಲಿಯೂ ತಗಲದ ಹಾಗೆ ಹೊಡೆದ. ಆಮೇಲೆ ಇನ್ನೊಂದು. ಹೀಗೆ ಆ ಪಟ್ಟಿ ಮುಗಿಯಿತು. ಹೊಡೆದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದ. ನಾಲಿಗೆ ಹೋಗಿ ನೋಡಿತು. ಅಂಚು ಅಷ್ಟೇ ಚೂಪಾಗಿತ್ತು.

ಹೊರಗೆ ಹೊತ್ತು ಇಳಿದಿತ್ತು. ಅಣ್ಣ ಕೈಗೆ ಸಿಕ್ಕ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿಕೊಂಡ. ಬಾಗಿಲೆಳೆಯಲು ಒಂದು ಕೈ ಸಾಲದೆ ಅವನ ಕಡೆ ನೋಡಿದ, ಅವನು ಎಳೆದ. "ನಡಿ, ನಿನ್ನ ಹಲ್ಲಿಗೆ ಹೊತ್ತಾಯ್ತು," ಎಂದ ಅಣ್ಣ. ದಾರಿಯುದ್ದಕ್ಕೂ ಅಣ್ಣ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ನಡೆದ, ಯಾರಿಗೋ ಆಶೀರ್ವಾದ ಮಾಡುತ್ತಿರುವವನ ಹಾಗೆ. ಬೇಕರಿಯವನು ಏನಾಯ್ತಣ್ಣಾ ಎಂದು ಕೂಗಿದ್ದಕ್ಕೆ, "ಉಗುರಿಗೆ ಬಣ್ಣ ಹಚ್ಚಿಸ್ಕೊಂಡೆ," ಎಂದ. ತಮ್ಮನಿಗೆ ನಗು ಬಂತು. ನಗು ಬಂದದ್ದಕ್ಕೆ ಮೈಯೆಲ್ಲ ಉರಿಯಿತು. ಈ ಮನುಷ್ಯನನ್ನು ದ್ವೇಷಿಸಲು ಕೂಡ ನೆಟ್ಟಗೆ ಬಿಡುವುದಿಲ್ಲವಲ್ಲ.

ಆಸ್ಪತ್ರೆಯ ಮುಂದಿನ ಕೋಣೆಯ ಹುಡುಗಿ ಒಬ್ಬನ ದವಡೆಯನ್ನೂ ಇನ್ನೊಬ್ಬನ ಬೆರಳನ್ನೂ ನೋಡಿ, "ಇಬ್ಬರಲ್ಲಿ ಪೇಶಂಟ್ ಯಾರು?" ಎಂದಳು. ಡಾಕ್ಟರಮ್ಮ ಹೊರಗೆ ಬಂದರು. ಗಿಡ್ಡನೆಯ ಹೆಂಗಸು, ಬಡಗಿಯಂಥ ಮಣಿಕಟ್ಟು. ಬಟ್ಟೆ ಬಿಚ್ಚಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿ ಹುಬ್ಬೇರಿಸಿದರು.

"ನಾನು ಹಲ್ಲಿನ ಡಾಕ್ಟ್ರು ಸ್ವಾಮೀ. ಕಟ್ಟು ಕಟ್ತೀನಿ, ಆಮೇಲೆ ಹೋಗಿ ಎಕ್ಸ್‌ರೇ ತೆಗೆಸಿ. ಹೇಗಾಯ್ತಿದು?"

"ಸುತ್ತಿಗೆ ಜಾರ್ತು," ಎಂದ ಅಣ್ಣ. ಅದೇ ದನಿ, ಅದೇ ಸಲೀಸು.

"ಜಾರಲಿಲ್ಲ," ಎಂದ ಅವನು. ದನಿ ತನ್ನದೆಂದು ಅವನಿಗೇ ಅನಿಸಲಿಲ್ಲ. "ನಾನು ಹೊಡೆದೆ. ಬೇಕೂಂತ್ಲೇ ಹೊಡೆದೆ."

ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. ಡಾಕ್ಟರಮ್ಮ ಒಬ್ಬರಿಂದ ಇನ್ನೊಬ್ಬರ ಕಡೆಗೆ ನೋಡಿದರು. ಅಣ್ಣ ತನ್ನ ಬೆರಳನ್ನೇ ನೋಡುತ್ತಿದ್ದ, ಬೇರೆಯವರದ್ದೆಂಬ ಹಾಗೆ.

"ಅವನ ಹಲ್ಲೂ ಮೊಳೆ ಕಚ್ಚಿ ಹೋಗಿದ್ದಲ್ಲ," ಎಂದ ಅಣ್ಣ. "ಬಾಯಲ್ಲಿ ಮೊಳೆ ಇದ್ದಾಗ ನಾನು ಹೊಡೆದಿದ್ದು. ಜನರ ಮುಂದೆ."

"ಚೆನ್ನಾಗಿದೆ," ಎಂದರು ಡಾಕ್ಟರಮ್ಮ, ಬೆರಳಿಗೆ ಕಟ್ಟು ಸುತ್ತುತ್ತ. "ಪೊಲೀಸ್ ಸ್ಟೇಷನ್ನಿಗೆ ಹೋಗೋರು ದಾರಿ ತಪ್ಪಿ ನನ್ನ ಹತ್ರ ಬಂದಿದ್ದೀರಿ. ಬೆರಳಿನವರು ಇಲ್ಲೇ ಕೂತಿರಿ. ಹಲ್ಲಿನವರು ಒಳಗೆ ಬನ್ನಿ. ಈ ಸಲ ನಿರ್ಧಾರ ಮಾಡ್ಕೊಂಡು ಬಂದಿದ್ದೀರಾ, ಇಲ್ಲ ಇನ್ನೊಂದು ನೆವ ಇದೆಯಾ?"

ಅವನು ಒಳಗೆ ಹೋಗಿ ಕುರ್ಚಿಯ ಮೇಲೆ ಒರಗಿದ. ಕುರ್ಚಿಯ ರೆಕ್ಸಿನ್ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು, ಪಿನ್ನು ಹೊಡೆದದ್ದು. ದೀಪ ಮುಖದ ಮೇಲೆ ಬಂತು. ಬಾಯಿ ದೊಡ್ಡದಾಗಿ ತೆಗೀರಿ, ಎಂದರು. ಇಂಜೆಕ್ಷನ್ ಬೇಕಿಲ್ಲ, ನರವೇ ಇಲ್ಲವಲ್ಲ, ಸದ್ದು ಮಾತ್ರ ಬರುತ್ತೆ, ಹೆದರಬೇಡಿ. ಯಂತ್ರ ಕಿರುಗುಟ್ಟುತ್ತ ಹತ್ತಿರ ಬಂತು, ಹಲ್ಲಿಗೆ ತಾಗಿತು, ತಲೆಬುರುಡೆಯೊಳಗೆಲ್ಲ ಓಡಾಡಿತು. ಸುಟ್ಟ ಮೂಳೆಯ ವಾಸನೆ ಬಂತು. ಆ ಚೂಪು ಅಂಚು, ಇಷ್ಟು ದಿನ ನಾಲಿಗೆ ಕಾದುಕೊಂಡು ಬಂದದ್ದು, ಪುಡಿಯಾಗಿ ನೀರಿನ ಜೊತೆ ಗಂಟಲ ಕಡೆಗೆ ಹರಿಯುತ್ತಿತ್ತು. ದವಡೆಗಳು ಮುಚ್ಚಿಕೊಳ್ಳಲು ಹವಣಿಸಿದವು. ಬೆನ್ನ ಹಿಂದೆ ಯಾರೋ ಅಪ್ಪನ ಹಾಗೆ ಅಡ್ಡಾಡುತ್ತಿದ್ದರು. ಮುಚ್ಚಬಾರದು ಎಂದು ಅವನು ಎರಡೂ ಕೈಗಳಿಂದ ಕುರ್ಚಿಯ ತೋಳುಗಳನ್ನು ಹಿಡಿದ. ಆಗ ತೆರೆದ ಬಾಯಿಯೊಳಗಿಂದ ಅದು ಹೊರಟಿತು. ಕೂಗು. ಅವನು ಕೂಗಿದ್ದಲ್ಲ, ತಾನಾಗಿ ಬಂದದ್ದು, ಚಿಕ್ಕ ಹುಡುಗನ ದನಿಯಲ್ಲಿ.

ಡಾಕ್ಟರಮ್ಮ ಗಾಬರಿಯಾಗಿ ಯಂತ್ರ ಹಿಂದೆಗೆದರು. "ನೋವಾಯ್ತಾ? ಸಾಧ್ಯವೇ ಇಲ್ಲ. ಅದರಲ್ಲಿ ಜೀವವೇ ಇಲ್ಲ!" ಕೂಗು ನಿಲ್ಲಲಿಲ್ಲ. ಬಾಗಿಲು ದಡಾರನೆ ತೆರೆಯಿತು. ಅಣ್ಣ ಒಳಗೆ ನುಗ್ಗಿದವನು ಯಾರನ್ನೂ ನೋಡಲಿಲ್ಲ, ಯೋಚಿಸಲಿಲ್ಲ. ಅವನ ಬಲದ ಮುಂಗೈ ನೇರವಾಗಿ ಬಂದು ತಮ್ಮನ ಬಾಯಿಗೆ ಅಡ್ಡ ನಿಂತಿತು. "ಶ್, ಶ್, ಕೂಗ್ಬೇಡ, ಕೂಗ್ಬೇಡ ಕಣೋ, ಅಪ್ಪ ಮೊದಲಿಂದ ಶುರು ಮಾಡ್ತಾನೆ," ಎಂದ, ಪಿಸುಗುಟ್ಟಿದ ದನಿಯಲ್ಲಿ. ಮಾತು ಹೊರಗೆ ಬಂದ ಮೇಲೆ ತಾನೇ ಬೆಚ್ಚಿಬಿದ್ದ. ಆದರೂ ಕೈ ತೆಗೆಯಲಿಲ್ಲ. ದೀಪದ ಬೆಳಕಿನಲ್ಲಿ ಅರ್ಧಚಂದ್ರ ಅವನ ತುಟಿಗಳ ಎದುರಿಗೇ ಇತ್ತು. ಹಲ್ಲಿನ ಗುರುತುಗಳು ಸಾಲಾಗಿ, ನಡುವೆ ಹಾಲುಹಲ್ಲು ಬಿದ್ದ ಜಾಗ. ಅವನ ಹಲ್ಲುಗಳು ಆ ಚರ್ಮಕ್ಕೆ ತಾಗಿದವು. ಬೆವರು, ಕಬ್ಬಿಣ, ರೆಕ್ಸಿನ್ನಿನ ಅಂಟು. ಅವನು ಒಂದು ಗಳಿಗೆ ಹಾಗೇ ಇದ್ದ.

ಆಮೇಲೆ ಆ ಕೈಯನ್ನು, ಹೆಬ್ಬೆರಳಿಗೆ ತಗಲದ ಹಾಗೆ, ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ನೀವು ಹಲ್ಲು ಅರೀರಿ ಡಾಕ್ಟ್ರೇ," ಎಂದ. "ನಾನು ಕೂಗ್ತಾ ಇರ್ತೀನಿ."